ಪಾರ್ಕಲ್ಲಿ ಒಂದು ರೌಂಡ್: ಕೊಡಗಲ್ಲಿ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ಮಡಿಕೇರಿ ಹೊರಗಡೆ ಒಂದು ಬಡಾವಣೆಯಲ್ಲಿ ನಮ್ಮ ಮನೆ. ತಿರುವು ದಾಟಿದ್ರೆ ಒಂದು ಚಿಕ್ಕ ಪಾರ್ಕ್, ನಾಲ್ಕು ಸಿಲ್ವರ್ (ಸಿಲ್ವರ್ ಓಕ್) ಮರ, ಒಂದು ಜಕರಂಡ, ಎರಡು ಜೋಕಾಲಿ (ಒಂದು ಕಿತ್ತೋಗಿದೆ), ಮೂರು ಬೆಂಚು. ಆರು ವರ್ಷದಿಂದ ದಿನಾ ಇಪ್ಪತ್ತು ನಿಮಿಷ ಅಲ್ಲಿ ಸುತ್ತು ಹೊಡೀತೀನಿ, ನಾನು ಮಾಡಿರೋದು ಇಷ್ಟೇ, ಆದ್ರೂ ಬೆಂಚಲ್ಲಿ ಕೂತೋರು, ಮದುವೆ ಮನೇಲಿ ಸಿಕ್ಕೋರು, ವಾಟ್ಸಾಪಲ್ಲಿ ನೆಂಟರು ಎಲ್ಲಾ ಅದದೇ ಪ್ರಶ್ನೆ ಕೇಳ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಅವರು ಕೇಳಿದ ಹಾಗೇ ಬರೆದು ಒಂದು ಕಡೆ ಹಾಕಿದ್ದೀನಿ.

ಮೊದಲ ಸಲ ಕೇಳೋರಿಗೆ

ಕೊಡಗೇ ಒಂದು ದೊಡ್ಡ ಪಾರ್ಕು, ಇಲ್ಲಿ ಮತ್ತೆ ಪಾರ್ಕಿಗೆ ಹೋಗೋದು ಎಂತಕ್ಕೆ ಮಾರಾಯ್ರೆ?

ಹತ್ತು ಜನ ಮಾತಾಡಿಸಿದ್ರೆ ಎಂಟು ಜನ ಕೇಳೋದು ಇದನ್ನೇ, ಅದೂ ನಗ್ತಾ. ಹೊರಗಿನಿಂದ ನೋಡಿದ್ರೆ ಹೌದು, ಎಲ್ಲಿ ನೋಡಿದ್ರೂ ಹಸಿರು. ಆದ್ರೆ ಆ ಹಸಿರಲ್ಲಿ ಬಹಳಷ್ಟು ಯಾರದ್ದೋ ತೋಟ, ಬೇಲಿ ಇದೆ, ಗೇಟ್ ಇದೆ, ಗೇಟಲ್ಲಿ ನಾಯಿ ಇದೆ. ತೋಟ ಇದ್ದೋರಿಗೂ ತೋಟದಲ್ಲಿ ನಡೆಯೋದು ಅಂದ್ರೆ ಕೆಲಸ, ನಮ್ಮ ಅಣ್ಣನನ್ನೇ ನೋಡಿ, ದಿನಾ ಮೂರು ಕಿಲೋಮೀಟರ್ ತೋಟದಲ್ಲಿ ನಡೀತಾನೆ, ಆದ್ರೆ ಕಣ್ಣು ಪೂರ್ತಿ ಕಾಫಿ ಗಿಡಕ್ಕೆ ಬೋರರ್ ಹುಳ ಹಿಡಿದಿದೆಯಾ, ಮೆಣಸಿನ ಬಳ್ಳಿ ಹಳದಿ ಆಗಿದೆಯಾ, ಕಳೆ ಹೊಡೆಯೋರು ಎಷ್ಟು ಸಾಲು ಮುಗಿಸಿದ್ರು ಅನ್ನೋದರಲ್ಲೇ ಇರ್ತದೆ, ಮನೆಗೆ ಬಂದಾಗ ತಲೆ ಇನ್ನೂ ಭಾರ. ತೋಟದ ಲೈನ್ ಮನೆಯಲ್ಲಿರೋ ಕೆಲಸದವರಿಗಂತೂ ಅದೇ ಡ್ಯೂಟಿ. ಇನ್ನು ಟೌನಲ್ಲಿ ಬಾಡಿಗೆಗೆ ಇರೋರು, ಟೀಚರ್‌ಗಳು, ಬ್ಯಾಂಕಿನವರು, ನರ್ಸ್‌ಗಳು, ಇವರಿಗೆ ತೋಟ ಎಲ್ಲಿಂದ ಬರಬೇಕು?

ರಸ್ತೆಯಲ್ಲಿ ನಡೀರಿ ಅಂತೀರಾ? ಫುಟ್‌ಪಾತ್ ಇರೋ ರಸ್ತೆ ಹುಡುಕಿ ಕೊಡಿ, ನಾನೂ ಬರ್ತೀನಿ. ಒಂದು ಕಡೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಕಡೆ ಚರಂಡಿ, ನಡುವೆ ವೀಕೆಂಡ್ ಟೂರಿಸ್ಟ್ ಕಾರು. ಕೈಯಲ್ಲಿ ಕೆಲಸ ಇಲ್ಲದೆ, ಯಾರ ಗೇಟೂ ದಾಟದೆ, ಹಿಂದೆ ಹಾರ್ನ್ ಇಲ್ಲದೆ ನಡೆಯೋಕೆ ನನಗೆ ಸಿಕ್ಕಿರೋ ಜಾಗ ಆ ಒಂದು ತುಂಡು ಪಾರ್ಕೇ.

ಬರೀ ಇಪ್ಪತ್ತು ನಿಮಿಷ ನಡೆದ್ರೆ ಎಂತ ಪ್ರಯೋಜನ ಆಗ್ತದೆ?

ಆಗ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕಮ್ಮಿ ಅಂದ್ರೆ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ. ದಿನಕ್ಕೆ ಇಪ್ಪತ್ತು ಅಂದ್ರೆ ವಾರಕ್ಕೆ 140 ಆಯ್ತು, ಅಂಗಡಿಗೆ ಹೋಗಿ ಬಂದಿದ್ದು ಸೇರಿಸಿದ್ರೆ ಲೆಕ್ಕ ಸರಿ ಹೋಗ್ತದೆ. ಮೊದಲೆಲ್ಲ ಒಂದೇ ಸಲ ಹತ್ತು ನಿಮಿಷನಾದ್ರೂ ನಡೆದ್ರೆ ಮಾತ್ರ ಲೆಕ್ಕ ಅಂತಿದ್ರು, 2020ರ ಸಲಹೆಯಲ್ಲಿ ಆ ಕಂಡೀಷನ್ ಇಲ್ಲ, ಐದೈದು ನಿಮಿಷನೂ ಲೆಕ್ಕಕ್ಕೆ ಬರ್ತದೆ. ಆದ್ರೆ ತೂಕ ಇಳಿಸೋಕೆ ಅಂತ ಬರೋರಿಗೆ ನಾನು ಮೊದಲೇ ಹೇಳಿಬಿಡ್ತೀನಿ, ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಕರಗೋದು ಒಂದು ಅಕ್ಕಿ ರೊಟ್ಟಿಯಷ್ಟೂ ಇಲ್ಲ. ತಟ್ಟೆ ಕಡೆ ನೋಡಬೇಕು.

ಬೆಳಗ್ಗೆ ಒಳ್ಳೇದಾ ಸಂಜೆ ಒಳ್ಳೇದಾ?

ನಿಮಗೆ ಯಾವಾಗ ಆಗ್ತದೋ ಆವಾಗ. ನಾನು ಬೆಳಗ್ಗೆ ಆರೂವರೆಗೆ ಹೋಗೋದು, ಯಾಕಂದ್ರೆ ಸಂಜೆ ಅಂದ್ರೆ ನನಗೆ ನೆಪ ಸಿಗ್ತದೆ. ಡಿಸೆಂಬರ್ ಜನವರಿಯಲ್ಲಿ ಆ ಹೊತ್ತಿಗೆ ಮಂಜು ಎಷ್ಟಿರ್ತದೆ ಅಂದ್ರೆ ಎದುರಿಗೆ ಯಾರೋ ಬರ್ತಿದ್ದಾರೆ ಅಂತ ಗೊತ್ತಾಗೋದು ಅವರು ಕೆಮ್ಮಿದ ಮೇಲೆ. ಆಸ್ತಮಾ ಇರೋರು, ಹಾರ್ಟಿನ ತೊಂದರೆ ಇರೋರು ಆ ಚಳೀಲಿ ಬರೋದೇನೂ ಬೇಡ, ಒಂಬತ್ತಕ್ಕೆ ಬಿಸಿಲು ಬಿದ್ದ ಮೇಲೆ ಬನ್ನಿ.

ಶೂ ಬೇಕೇ ಬೇಕಾ, ಚಪ್ಪಲಿ ಸಾಕಾಗಲ್ವಾ?

ಬೇಸಿಗೆಯಲ್ಲಿ ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಸಾಕು. ಹವಾಯಿ ಚಪ್ಪಲಿ ಮಾತ್ರ ಬೇಡ, ಪಾಚಿ ಹಿಡಿದ ಇಂಟರ್‌ಲಾಕ್ ಮೇಲೆ ಅದು ಸೋಪಿನ ಥರ. ನಾನು ಬಿದ್ದಿದ್ದೀನಿ, ಮಣಿಕಟ್ಟು ಊದಿ ಎರಡು ವಾರ ಎಡಗೈಯಲ್ಲಿ ಊಟ.

ಶುರು ಮಾಡಿದವರಿಗೆ

ದಿನಕ್ಕೆ ಹತ್ತು ಸಾವಿರ ಸ್ಟೆಪ್ ಆಗಲೇಬೇಕಂತೆ, ಪಾರ್ಕಲ್ಲಿ ಅಷ್ಟು ಆಗ್ತದಾ?

ಆ ಹತ್ತು ಸಾವಿರ ಯಾವ ಡಾಕ್ಟರೂ ಲೆಕ್ಕ ಹಾಕಿ ಹೇಳಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ ಜಪಾನಲ್ಲಿ ಹೆಜ್ಜೆ ಎಣಿಸೋ ಒಂದು ಮೆಷಿನ್ ಮಾರಾಟಕ್ಕೆ ಬಂತು, ಹೆಸರು ಮಾನ್‌ಪೋ-ಕೆ, ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೆಸರು ಚೆನ್ನಾಗಿತ್ತು, ಉಳ್ಕೊಂಡು ಬಿಡ್ತು. ಅಮೆರಿಕದಲ್ಲಿ ವಯಸ್ಸಾದ ಹೆಂಗಸರನ್ನ ನೋಡಿ 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ಹತ್ರಾನೇ ಒಳ್ಳೇ ವ್ಯತ್ಯಾಸ ಕಾಣ್ತಿತ್ತು, 7,500 ದಾಟಿದ ಮೇಲೆ ಜಾಸ್ತಿ ಲಾಭ ಏನೂ ಕಾಣ್ಲಿಲ್ಲ.

ನಮ್ಮ ಪಾರ್ಕ್ ಲೆಕ್ಕ ಹೇಳ್ತೀನಿ. ಒಂದು ರೌಂಡಿಗೆ ನನ್ನ ಹೆಜ್ಜೆ 260, ಸುಮಾರು 180 ಮೀಟರ್. ಎಂಟು ರೌಂಡ್ ಹೊಡೆದ್ರೆ ಎರಡು ಸಾವಿರ ಚಿಲ್ಲರೆ ಹೆಜ್ಜೆ, ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ, ಇಪ್ಪತ್ತು ನಿಮಿಷ. ಅಂದ್ರೆ ನಿಮಿಷಕ್ಕೆ ನೂರು ಚಿಲ್ಲರೆ, ದೊಡ್ಡವರಿಗೆ ಮಧ್ಯಮ ವೇಗ ಅಂದ್ರೆ ಹೆಚ್ಚು ಕಮ್ಮಿ ಇದೇ. ಎಣಿಸೋದು ಬೇಜಾರಾದ್ರೆ ಇನ್ನೊಂದು ದಾರಿ ಇದೆ, ನಡೀತಾ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು, ಅಷ್ಟು ವೇಗ. ರೌಂಡ್ ಲೆಕ್ಕ ತಪ್ಪೋರಿಗೆ: ಎಂಟು ಹುಣಿಸೆ ಬೀಜ ಬಲಗಡೆ ಜೇಬಲ್ಲಿ ಹಾಕ್ಕೊಳ್ಳಿ, ರೌಂಡಿಗೆ ಒಂದು ಎಡಗಡೆಗೆ. ನಮ್ಮ ಬೀದಿ ಕೊನೇ ಮನೆ ಅಜ್ಜಿ ಹೇಳಿಕೊಟ್ಟಿದ್ದು, ಫೋನಿಗಿಂತ ವಾಸಿ.

ಊಟ ಆದ ತಕ್ಷಣ ನಡೀಬಾರ್ದು ಅಂತಾರೆ, ಹೌದಾ?

ಓಡಬಾರದು, ನಿಧಾನ ನಡೆದ್ರೆ ಒಳ್ಳೇದೇ. ಊಟದ ನಂತರ ಒಂದು ಒಂದೂವರೆ ಗಂಟೆ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಏರ್ತದೆ, ಅದರ ಮೊದಲೇ ಕಾಲಿನ ಸ್ನಾಯು ಕೆಲಸ ಮಾಡ್ತಿದ್ರೆ ಸಕ್ಕರೆಯನ್ನ ಅದೇ ಎಳ್ಕೊಳ್ತದೆ, ಏರಿಕೆ ಕಮ್ಮಿ ಆಗ್ತದೆ. ಅದಕ್ಕೆ ಶುಗರ್ ಇರೋರಿಗೆ ಬೆಳಗಿನ ಒಂದು ದೊಡ್ಡ ವಾಕಿಂಗಿಗಿಂತ ಮೂರು ಹೊತ್ತು ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯೋದು ಚೆನ್ನಾಗಿ ಹೊಂದ್ತದೆ. ಇನ್ಸುಲಿನ್ ತಗೊಳ್ಳೋರು ಶುಗರ್ ತೀರಾ ಇಳಿಯೋದನ್ನ ನೋಡ್ಕೊಬೇಕು, ಜೇಬಲ್ಲಿ ಎರಡು ಚಾಕ್ಲೇಟ್ ಇರಲಿ. ಕಡಂಬುಟ್ಟು ಪಂದಿಕರಿ ಹೊಡೆದು ನೇರ ಮಂಚಕ್ಕೆ ಹೋಗೋ ನಮ್ಮ ಭಾನುವಾರದ ಪದ್ಧತಿ ಬಗ್ಗೆ ನಾನೇನೂ ಹೇಳಲ್ಲ, ನಾನೂ ಅದರಲ್ಲಿದ್ದೀನಿ.

ಮಂಡಿ ನೋವು ಇದೆ, ಈ ಏರು ಇಳಿವಲ್ಲಿ ನಡೆದ್ರೆ ಜಾಸ್ತಿ ಆಗಲ್ವಾ?

ಜಾಸ್ತಿ ಆಗೋದು ಏರಲ್ಲಿ ಅಲ್ಲ, ಇಳಿಜಾರಲ್ಲಿ. ಏರುವಾಗ ಉಸಿರು ಹೋಗ್ತದೆ, ಇಳಿಯುವಾಗ ಮೈ ಭಾರ ಮಂಡಿ ಮೇಲೆ ಬೀಳ್ತದೆ. ಮಡಿಕೇರಿಯಲ್ಲಿ ಸಮತಟ್ಟು ಜಾಗ ಹುಡುಕೋದೇ ಕಷ್ಟ, ಅದಕ್ಕೇ ಪಾರ್ಕ್ ಅನ್ನೋದು, ಯಾರೋ ಪುಣ್ಯಾತ್ಮರು ಜೆಸಿಬಿ ತಂದು ಅಷ್ಟಾದ್ರೂ ಮಟ್ಟ ಮಾಡಿದ್ದಾರೆ. ಮನೆಯಿಂದ ಪಾರ್ಕಿಗೆ ಇಳಿಜಾರಿದ್ರೆ ಚಿಕ್ಕ ಹೆಜ್ಜೆ ಇಡಿ, ರಸ್ತೆ ಖಾಲಿ ಇದ್ರೆ ಸ್ವಲ್ಪ ಓರೆಯಾಗಿ ಇಳೀರಿ, ಕೊಡೆಯನ್ನೇ ಕೋಲು ಮಾಡ್ಕೊಳ್ಳಿ. ಮಂಡಿ ಊದಿಕೊಂಡಿದ್ರೆ ನಡಿಗೆ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ಒಬ್ಬಳೇ ಹೋದ್ರೆ ನೋಡಿದವರು ಏನಂದ್ಕೊಳ್ತಾರೆ ಅಂತ ಮುಜುಗರ, ಏನ್ ಮಾಡ್ಲಿ ಅಕ್ಕ?

ಮೊದಲ ಒಂದು ವಾರ ಅಂದ್ಕೊಳ್ತಾರೆ, ಆಮೇಲೆ ನೀವು ಬರದಿದ್ರೆ ಯಾಕೆ ಬಂದಿಲ್ಲ ಅಂತ ಕೇಳ್ತಾರೆ. ನಾನು ಶುರು ಮಾಡಿದಾಗ ಕೈಯಲ್ಲಿ ಹಾಲಿನ ಪಾತ್ರೆ ಹಿಡ್ಕೊಂಡು ಹೋಗ್ತಿದ್ದೆ, ಹಾಲಿಗೆ ಹೋಗ್ತಿದ್ದೀನಿ ಅಂತ ಕಾಣಲಿ ಅಂತ. ಹೆಂಗಸರು ಕೆಲಸ ಇಲ್ಲದೆ ಸುಮ್ಮನೆ ನಡೆಯೋದು ಅಂದ್ರೆ ನಮ್ಮಲ್ಲಿ ಈಗಲೂ ಒಂದು ಥರ ತಪ್ಪು ಮಾಡಿದ ಹಾಗೆ. ಒಂದು ತಿಂಗಳಾದ ಮೇಲೆ ಪಾತ್ರೆ ಮನೇಲಿ ಬಿಟ್ಟೆ. ಕತ್ತಲಾದ ಮೇಲೆ ಮಾತ್ರ ಲೈಟ್ ಇಲ್ಲದ ಪಾರ್ಕಿಗೆ ಬೇಡ, ಅದು ಬರೀ ಮುಜುಗರದ ವಿಷಯ ಅಲ್ಲ, ಹಾವಿನ ವಿಷಯನೂ ಹೌದು.

ಪಾರ್ಕಲ್ಲಿ ಸಿಗೋರ ಹತ್ರ ಎಷ್ಟು ಮಾತಾಡಬೇಕು? ಮಾತಾಡದಿದ್ರೆ ಜಂಭ ಅಂತಾರೆ, ಮಾತಾಡಿದ್ರೆ ನಡಿಗೆ ಆಗಲ್ಲ.

ಮೊದಲ ರೌಂಡಲ್ಲಿ "ಕಾಫಿ ಆಯ್ತಾ?", ಎರಡನೇ ರೌಂಡಲ್ಲಿ ಮಳೆ ಎಷ್ಟು ಇಂಚು, ಮೂರನೇ ರೌಂಡಿಂದ ಬರೀ ತಲೆ ಆಡಿಸೋದು. ಹೊಸಬರು ಬಂದ ಕೂಡ್ಲೇ ಯಾವ ಮನೆ, ಯಾವ ಕುಟುಂಬ, ತೋಟ ಎಷ್ಟು ಎಕರೆ ಅಂತ ಶುರು ಮಾಡ್ತೀವಲ್ಲ, ಆ ಅಭ್ಯಾಸ ಪಾರ್ಕ್ ಗೇಟಲ್ಲಿ ಬಿಟ್ಟು ಬಂದ್ರೆ ಒಳ್ಳೇದು. ನಮ್ಮ ಪಾರ್ಕಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎಲ್ಲಾ ಒಂದೇ ಬೆಂಚಲ್ಲಿ ಕೇಳ್ತದೆ, ಭಾನುವಾರ ಅಸ್ಸಾಮಿ ಹುಡುಗರೂ ಬಂದು ಕೂರ್ತಾರೆ, ಮನೆಗೆ ವಿಡಿಯೋ ಕಾಲ್ ಮಾಡಿ ಮಂಜು ತೋರಿಸ್ತಾರೆ. ಮಾತು ಮುಗಿಸದೇ ಇರೋರು ಒಬ್ಬರು ಎಲ್ಲಾ ಪಾರ್ಕಲ್ಲೂ ಇರ್ತಾರೆ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ "ಶಕ್ತಿ" ಪೇಪರ್ ಕಂಕುಳಲ್ಲಿ ಇಟ್ಕೊಂಡು ಬಂದು ಸಾವು ಸುದ್ದಿಯಿಂದ ಓದೋಕೆ ಶುರು ಮಾಡ್ತಾರೆ. ಅವರನ್ನ ದಾಟೋಕೆ ನಾನು ಕಂಡ್ಕೊಂಡ ಉಪಾಯ ಅಂದ್ರೆ ಉಲ್ಟಾ ದಿಕ್ಕಲ್ಲಿ ಸುತ್ತೋದು, ರೌಂಡಿಗೆ ಎರಡು ಸಲ ಎದುರು ಸಿಗ್ತಾರೆ, ಆದ್ರೆ ಒಂದು ಸಲಕ್ಕೆ ಒಂದೇ ಸುದ್ದಿ.

ಮಳೆ, ಜಿಗಣೆ, ನಾಯಿ, ಆನೆ

ಜೂನಿಂದ ಸೆಪ್ಟೆಂಬರ್ ತನಕ ನೀವು ಹೇಗೆ ನಡೀತೀರಾ, ಆ ಮಳೇಲಿ?

ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ, ನಮ್ಮ ಭಾಷೇಲಿ ಹೇಳಿದ್ರೆ 120 ಇಂಚಿನ ಮೇಲೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರೀತದೆ. ಕುಶಾಲನಗರದವರಿಗೆ ಇದು ಅರ್ಥ ಆಗಲ್ಲ, ಮೂವತ್ತು ಕಿಲೋಮೀಟರ್ ದೂರ ಅಷ್ಟೇ, ಅಲ್ಲಿ ಇದರ ಅರ್ಧನೂ ಬೀಳಲ್ಲ, ನನ್ನ ತಂಗಿ ಅಲ್ಲಿಂದ ಫೋನ್ ಮಾಡಿ ಬಿಸಿಲಿದೆ ಬಾ ಅಂತಾಳೆ.

ಮಳೆ ನಿಲ್ಲೋದನ್ನ ಕಾದ್ರೆ ನಡಿಗೆ ಇಲ್ಲ. ಆದ್ರೆ ದಿನವಿಡೀ ಒಂದೇ ಸಮ ಹೊಡೆಯೋ ಮಳೆ ಕಕ್ಕಡದಲ್ಲೂ (ಜುಲೈ ಆಗಸ್ಟಿನ ಜಡಿಮಳೆ ತಿಂಗಳು) ಅಪರೂಪ, ಮಧ್ಯೆ ಒಂದು ಹೊಳವು ಕೊಡ್ತದೆ, ಹತ್ತು ನಿಮಿಷ ಇರಬಹುದು ಹದಿನೈದು ಇರಬಹುದು. ಸಿಲ್ವರ್ ಮರದಿಂದ ತೊಟ್ಟಿಕ್ಕೋ ಸದ್ದು ಬಿಡಿಬಿಡಿಯಾಗಿ ಕೇಳಿದ್ರೆ ಹೊಳವು ಅಂತ ಲೆಕ್ಕ, ಕೊಡೆ ತಗೊಂಡು ಹೊರಡೋದು. ಶೂ ಎರಡು ಜೊತೆ ಇರಲಿ, ಒಂದು ಜೊತೆ ಒಣಗೋಕೆ ಮೂರು ದಿನ ಬೇಕು, ಒಳಗೆ ಹಳೇ ಪೇಪರ್ ತುರುಕಿ ಒಲೆ ಹತ್ರ ಇಡಿ, ಒಲೆ ಮೇಲೆ ಅಲ್ಲ (ನಮ್ಮ ಮನೇಲಿ ಒಂದು ಜೊತೆ ಹಾಗೇ ಕರಗಿದೆ).

ಗಂಭೀರವಾಗಿ ಹೇಳೋದು ಒಂದೇ: ಬರೆ ಕೆಳಗಿನ ರಸ್ತೆಯಲ್ಲಿ ನಡೀಬೇಡಿ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಇದನ್ನ ಹೇಳಬೇಕಾಗಿಲ್ಲ. ಬರೆಯಲ್ಲಿ ಹೊಸ ಬಿರುಕು, ಓರೆಯಾದ ಕರೆಂಟ್ ಕಂಬ, ಇದ್ದಕ್ಕಿದ್ದ ಹಾಗೆ ಕೆಂಪಾಗಿ ಬರೋ ಊಟೆ ನೀರು ಕಂಡ್ರೆ ವಾಪಸ್ ತಿರುಗಿ, ಅಕ್ಕಪಕ್ಕದವರಿಗೂ ಹೇಳಿ. ಗಾಳಿ ಜೋರಿದ್ದ ದಿನ ಸಿಲ್ವರ್ ಮರದ ಕೆಳಗೂ ನಿಲ್ಲಬೇಡಿ, ಕೊಂಬೆ ಮುರಿದು ಬೀಳೋದರಲ್ಲಿ ಅದು ಎಕ್ಸ್‌ಪರ್ಟ್.

ಪಾರ್ಕಲ್ಲೂ ಜಿಗಣೆ ಇರ್ತದಾ? ಹತ್ತಿದ್ರೆ ಎಂತ ಮಾಡೋದು?

ಹುಲ್ಲು ಕತ್ತರಿಸದ ಪಾರ್ಕಲ್ಲಿ ಧಾರಾಳವಾಗಿ ಇರ್ತದೆ. ಒಂದು ಸಲ ಬೆಂಚಲ್ಲಿ ಕೂತು ಸುಮ್ಮನೆ ನೋಡ್ತಿದ್ದೆ, ಒಂದು ಜಿಗಣೆ, ಬೆಂಕಿಕಡ್ಡಿಯ ಅರ್ಧದಷ್ಟೂ ಇಲ್ಲ, ಹುಲ್ಲಿನ ತುದಿಯಲ್ಲಿ ನಿಂತು ತಲೆ ಆ ಕಡೆ ಈ ಕಡೆ ಆಡಿಸ್ತಾ ಇತ್ತು, ನಾನು ಉಸಿರು ಬಿಟ್ಟ ಕೂಡ್ಲೇ ನನ್ನ ಕಡೆ ತಿರುಗ್ತು, ಶೂ ಮೇಲೆ ಬಂದು ಲೇಸ್ ತೂತನ್ನ ಒಂದೊಂದಾಗಿ ಮುಟ್ಟಿ ನೋಡಿ ಮೂರನೇದರಲ್ಲಿ ಒಳಗೆ ಹೊರಟಿತ್ತು. ನಮ್ಮ ಉಸಿರು, ಬಿಸಿ, ಹೆಜ್ಜೆಯ ಅದುರು ಇದರಲ್ಲೇ ಅದಕ್ಕೆ ದಾರಿ ಗೊತ್ತಾಗೋದು.

ಹತ್ತಿದ್ರೆ ಗಾಬರಿಯಾಗಿ ಎಳೀಬೇಡಿ, ಉಗುರನ್ನ ಚರ್ಮಕ್ಕೆ ಒತ್ತಿ ಅದರ ಬಾಯಿ ಪಕ್ಕದಿಂದ ಜಾರಿಸಿ ಬಿಡಿಸಿ. ಉಪ್ಪು ಹಾಕಿದ್ರೂ ಬಿಡ್ತದೆ, ಬೆಂಕಿ ಮುಟ್ಟಿಸೋದೆಲ್ಲ ಬೇಡ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಹಿರುಡಿನ್ ಥರದ ಅಂಶ ಇರ್ತದೆ, ಅದಕ್ಕೇ ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಒಸರೋದು. ಸೋಪಲ್ಲಿ ತೊಳೆದು ಬಟ್ಟೆ ಒತ್ತಿ ಹಿಡೀರಿ, ಕೆರೀಬೇಡಿ. ಹತ್ತದ ಹಾಗೆ ಇರೋಕೆ ನಮ್ಮ ಹಿರಿಯರು ಮಾಡ್ತಿದ್ದದ್ದು ಹೊಗೆಸೊಪ್ಪು ಸುಣ್ಣ ಕಲಸಿ ಕಾಲಿಗೆ ಹಚ್ಚೋದು. ನಾನು ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕ್ತೀನಿ, ಚಂದ ಕಾಣಲ್ಲ, ಯಾರು ನೋಡ್ತಾರೆ.

ಬೀದಿ ನಾಯಿ ಅಟ್ಟಿಸ್ಕೊಂಡು ಬಂದ್ರೆ?

ಓಡಬೇಡಿ, ನಿಂತ್ಕೊಳ್ಳಿ, ಕೊಡೆಯನ್ನ ಮುಂದೆ ಹಿಡೀರಿ, ಕಣ್ಣಲ್ಲಿ ಕಣ್ಣಿಡದೆ ನಿಧಾನ ಹಿಂದೆ ಸರೀರಿ. ಕಚ್ಚಿದ್ರೆ ಅಥವಾ ಹಲ್ಲು ತಾಗಿದ್ರೂ ಹದಿನೈದು ನಿಮಿಷ ನಲ್ಲಿ ನೀರು ಸೋಪಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಶುರು ಮಾಡಬೇಕು. ಅರಿಶಿನ, ಮೆಣಸಿನಪುಡಿ, ಸುಣ್ಣ ಏನೂ ಮೆತ್ತಬೇಡಿ. ರೇಬಿಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಉಳಿಯೋದು ಇಲ್ಲ ಅಂತಲೇ ಲೆಕ್ಕ, ಹಾಗಾಗಿ ನಾಳೆ ನೋಡುವ ಅನ್ನೋದೇ ಬೇಡ.

ಪಾರ್ಕ್ ಬೋರು, ತೋಟದ ರಸ್ತೆಯಲ್ಲಿ ಬೆಳಗ್ಗೆ ಐದಕ್ಕೆ ನಡೆದ್ರೆ ಎಷ್ಟು ಚಂದ, ನೀವು ಯಾಕೆ ಬೇಡ ಅಂತೀರಾ?

ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯವರು ಕೇಳಿದ್ರೆ ನನ್ನ ಉತ್ತರ ಒಂದೇ, ಬೇಡ. ಆನೆಗಳು ಈಗ ಕಾಡಿಂದ ಬಂದು ಹೋಗೋ ನೆಂಟರಲ್ಲ, ಹಗಲೆಲ್ಲಾ ಕಾಫಿ ಗಿಡಗಳ ಮಧ್ಯೆ ನೆರಳಲ್ಲಿ ನಿಂತು, ಕತ್ತಲಾದ ಮೇಲೆ ಓಡಾಡಿ ಬೆಳಗಾಗೋ ಹೊತ್ತಿಗೆ ರಸ್ತೆ ದಾಟ್ತವೆ. ನೀವು ವಾಕಿಂಗ್ ಹೊರಡೋ ಟೈಮೂ ಅದರ ಟೈಮೂ ಒಂದೇ. ಹಲಸು ಹಣ್ಣಾದಾಗ ಕೇಳೋದೇ ಬೇಡ. ನಡಿಗೆಗೆ ಅಂತ, ಕೆಲಸಕ್ಕೆ ಅಂತ ಬೆಳಗ್ಗೆ ಹೊರಟು ವಾಪಸ್ ಬರದೇ ಇದ್ದೋರ ಸುದ್ದಿ ವರ್ಷವರ್ಷ ಓದ್ತೀವಲ್ಲ. ಆನೆ ಅಷ್ಟು ದೊಡ್ಡ ಪ್ರಾಣಿ, ದೂರದಿಂದಲೇ ಕಾಣ್ತದೆ ಅಂತ ಟೌನಿನವರು ಅಂದ್ಕೊಂಡಿರ್ತಾರೆ, ಮಂಜಲ್ಲಿ ಕಾಫಿ ಗಿಡದ ಹಿಂದೆ ನಿಂತ ಆನೆ ಹತ್ತು ಅಡೀಲಿದ್ರೂ ಕಾಣಲ್ಲ.

ಹೋಗಲೇಬೇಕು ಅಂದ್ರೆ ಪೂರ್ತಿ ಬೆಳಕಾದ ಮೇಲೆ ಹೋಗಿ, ಕಿವಿಗೆ ಇಯರ್‌ಫೋನ್ ಬೇಡ, ಹಸಿ ಲದ್ದಿ ಅಥವಾ ಹೊಸದಾಗಿ ಮುರಿದ ಬೈನೆ ಮರ ಕಂಡ್ರೆ ವಾಪಸ್. ಊರಿನ ಗ್ರೂಪಲ್ಲಿ ಆನೆ ಬಂದಿರೋ ಮೆಸೇಜ್ ನೋಡದೆ ಹೊರಡಬೇಡಿ.

ಹಳಬರು ಕೇಳೋದು

ದಿನಾ ಅದೇ ಪಾರ್ಕ್, ಅದೇ ಮರ, ಬೇಜಾರಾಗಲ್ವಾ?

ಎರಡನೇ ತಿಂಗಳಲ್ಲಿ ಆಯ್ತು. ಬಿಡುವ ಅನ್ಕೊಂಡಿದ್ದೆ. ಆಮೇಲೆ ಒಂದು ಮಾರ್ಚಲ್ಲಿ ರಾತ್ರಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿತ್ತು, ಎಂಟು ಒಂಬತ್ತು ದಿನ ಆದ ಮೇಲೆ ಬೆಳಗ್ಗೆ ಪಾರ್ಕ್ ಗೇಟ್ ತೆಗೀವಾಗಲೇ ಪಕ್ಕದ ತೋಟದಿಂದ ಕಾಫಿ ಹೂವಿನ ವಾಸನೆ, ಮಲ್ಲಿಗೆಗೆ ಸ್ವಲ್ಪ ಜೇನು ಬೆರೆಸಿದ ಹಾಗೆ, ಬೇಲಿ ಆಚೆ ಪೂರ್ತಿ ಬಿಳಿ. ಮೂರನೇ ರೌಂಡಲ್ಲಿ ಗೊತ್ತಾಯ್ತು, ವಾಸನೆ ಪಾರ್ಕಿನ ಒಂದು ಮೂಲೇಲಿ ಮಾತ್ರ ದಟ್ಟ, ಜೋಕಾಲಿ ಹತ್ರ ಇಲ್ಲವೇ ಇಲ್ಲ, ಗಾಳಿ ಬರೆಗೆ ಬಡಿದು ತಿರುಗೋ ಜಾಗ ಅದು. ನಾಲ್ಕನೇ ದಿನಕ್ಕೆ ಹೂ ಕಂದು ಬಣ್ಣ, ವಾಸನೆ ಇಲ್ಲ. ಕಾರಲ್ಲಿ ಹೋಗೋರಿಗೆ ಒಂದು ಘಮ ಬಂದು ಹೋಗಿರ್ತದೆ ಅಷ್ಟೇ, ದಿನಾ ಅಲ್ಲೇ ಸುತ್ತೋರಿಗೆ ಶುರುವೂ ಗೊತ್ತು ಕೊನೆಯೂ ಗೊತ್ತು.

ಆವಾಗಿಂದ ಒಂದು ಹಳೇ ಡೈರಿಯಲ್ಲಿ ದಿನಕ್ಕೆ ಒಂದೇ ಸಾಲು ಬರೀತೀನಿ. ಜಕರಂಡ ಮೊದಲ ಹೂ ಯಾವತ್ತು, ಸಿಲ್ವರ್ ಮರದಲ್ಲಿ ಬಾಚಣಿಗೆ ಥರದ ಕಿತ್ತಳೆ ಹೂ ಯಾವತ್ತು, ಮೊದಲ ಜಿಗಣೆ ಯಾವತ್ತು, ಬೆಂಚಲ್ಲಿ ಯಾರು ಹೊಸಬರು. ಏಪ್ರಿಲಲ್ಲಿ ಹುಡುಗರೆಲ್ಲಾ ಹಾಕಿ ಸ್ಟಿಕ್ ಹಿಡ್ಕೊಂಡು ಬಂದು ನಮ್ಮನ್ನ ಓಡಿಸ್ತಾರೆ, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ನಮ್ಮೆ (ಹಬ್ಬ) ಹತ್ರ ಬಂತು ಅಂತ ಅದರಲ್ಲೇ ಗೊತ್ತಾಗೋದು, ಅದೂ ಡೈರಿಯಲ್ಲಿದೆ.

ಮಳೆಗಾಲದಲ್ಲಿ ಮನುಷ್ಯರ ಥರ ಶಿಳ್ಳೆ ಹೊಡೆಯೋ ಹಕ್ಕಿ ಯಾವುದು?

ಮಲಬಾರ್ ವಿಸ್ಲಿಂಗ್ ಥ್ರಶ್. ಕಡು ನೀಲಿ, ದೂರದಿಂದ ಕಪ್ಪು ಅನ್ನಿಸ್ತದೆ, ಹಣೆ ಭುಜದಲ್ಲಿ ಮಾತ್ರ ಹೊಳೆಯೋ ನೀಲಿ. ರಾಗ ಗೊತ್ತಿಲ್ಲದ ಹುಡುಗ ಯಾವುದೋ ಹಾಡನ್ನ ಅರ್ಧಕ್ಕೆ ಬಿಟ್ಟು ಬಿಟ್ಟು ಶಿಳ್ಳೆ ಹಾಕಿದ ಹಾಗಿರ್ತದೆ. ನಾನು ಮೊದಲ ಸಲ ಕೇಳಿ ಯಾರೋ ಪೋಲಿ ಅಂತ ತಿರುಗಿ ಬೈಯೋಕೆ ಹೊರಟಿದ್ದೆ. ಚರಂಡಿ, ತೋಡು, ನೀರು ಹರಿಯೋ ಜಾಗ ಇದ್ರೆ ಅಲ್ಲಿ ಹುಡುಕಿ.

ರಾಜಾಸೀಟಿಗೇ ಹೋಗಬಹುದಲ್ಲ, ಅಷ್ಟು ಚಂದದ ಪಾರ್ಕ್ ಬಿಟ್ಟು ಇದೆಂತಕ್ಕೆ?

ರಾಜರು ಕೂತು ಸೂರ್ಯಾಸ್ತ ನೋಡ್ತಿದ್ದ ಜಾಗ, ನಾಲ್ಕು ಕಂಬದ ಆ ಪುಟ್ಟ ಮಂಟಪ, ಕೆಳಗೆ ಕಣಿವೆ, ಚಂದ ಇಲ್ಲ ಅಂತ ಯಾರು ಹೇಳ್ತಾರೆ. ಆದ್ರೆ ಟಿಕೆಟ್ ಇದೆ, ಸಂಜೆ ಅಲ್ಲಿ ನಡೆಯೋದು ಅಂದ್ರೆ ಶುಕ್ರವಾರ ಸಂತೇಲಿ ನಡೆದ ಹಾಗೆ, ನೆಂಟರು ಬಂದಾಗ ಕರ್ಕೊಂಡು ಹೋಗ್ತೀನಿ. ಬದಲಾವಣೆ ಬೇಕು ಅನ್ನಿಸಿದ್ರೆ ನನ್ನ ಆಯ್ಕೆ ಗದ್ದುಗೆ. ಕೊಡಗಿನ ರಾಜರಾಗಿದ್ದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು, ಗುಮ್ಮಟ, ಸುತ್ತ ಹುಲ್ಲು, ಪಕ್ಕದಲ್ಲೇ ಟಿಪ್ಪು ಸೈನ್ಯದ ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪು ಸಮಾಧಿ. ಬೆಳಗ್ಗೆ ಹೋದ್ರೆ ಜನ ಕಮ್ಮಿ.

ಪಾರ್ಕ್ ಬೆಂಚು ಮುರಿದಿದೆ, ಲೈಟ್ ಇಲ್ಲ, ಯಾರನ್ನ ಕೇಳೋದು?

ನಾವು ಒಂದು ಕಚೇರಿಗೆ ಮೂರು ಅರ್ಜಿ ಕೊಟ್ವಿ, ಮೂರನೇ ಸಲ ಹೋದಾಗ ಮೊದಲನೇ ಅರ್ಜಿಯ ಕಾಪಿ ಕೇಳಿದ್ರು. ಕಲಿತದ್ದು ಏನಂದ್ರೆ, ಅರ್ಜಿ ಕೊಟ್ಟ ದಿನವೇ ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ, ಕಂಬದ ನಂಬರ್ ಬರೀರಿ, ಒಬ್ಬರ ಬದಲು ಇಪ್ಪತ್ತು ಜನ ಸಹಿ ಹಾಕಿ, ವಾರ್ಡ್ ಸದಸ್ಯರಿಗೂ ಒಂದು ಕೊಡಿ. ಲೈಟ್ ಬಂತು, ಹನ್ನೊಂದು ತಿಂಗಳಿಗೆ. ಬೆಂಚಿಗೆ ಕಾಯ್ಲಿಲ್ಲ, ಬಡಗಿ ಕೆಲಸದ ಅಣ್ಣ ಒಬ್ಬರು ಹಳೇ ಬಾಗಿಲ ಹಲಗೆ ತಂದು ಎರಡು ಬೋಲ್ಟ್ ಹಾಕಿ ಕೊಟ್ರು, ಅದಕ್ಕೇ ಆ ಬೆಂಚಲ್ಲಿ ಈಗಲೂ ಚಿಲಕದ ತೂತಿದೆ.

ನಿಜ ಹೇಳಿ, ನೀವು ಒಂದು ದಿನಾನೂ ತಪ್ಪಿಸಲ್ವಾ?

ತಪ್ಪಿಸ್ತೀನಿ. ಪುತ್ತರಿ (ಸುಗ್ಗಿ ಹಬ್ಬ) ಮಾರನೇ ದಿನ, ಅಣ್ಣನ ತೋಟದಲ್ಲಿ ಕಾಫಿ ಕುಯ್ಲಿಗೆ ಆಳು ಸಿಗದೆ ನಮ್ಮನ್ನೆಲ್ಲಾ ಕರೆದಾಗ, ಜ್ವರ ಬಂದಾಗ, ಸುಮ್ಮನೆ ಸೋಮಾರಿತನಕ್ಕೂ. ದಸರಾ ದಶಮಂಟಪದ ಮೆರವಣಿಗೆ ರಾತ್ರಿ ಬೆಳಗಿನ ತನಕ ಊರೆಲ್ಲಾ ಸುತ್ತಿರ್ತೀವಿ, ಮಾರನೇ ದಿನ ಪಾರ್ಕ್ ಕಡೆ ತಲೆನೂ ಹಾಕಲ್ಲ. ಅದರ ನಂತರದ ದಿನ ಹೋದ್ರೆ ಮೇಷ್ಟ್ರು ಎರಡು ದಿನದ ಪೇಪರ್ ಹಿಡ್ಕೊಂಡು ಗೇಟಲ್ಲೇ ನಿಂತಿರ್ತಾರೆ.